ಮಾವನ ಟ್ರಂಕಿನಲ್ಲಿ ಮುಳುಗಿದ ಹಡಗಿನ ಪಿಂಗಾಣಿ ಸಿಕ್ಕಿದೆ, ಉಜ್ಜಬಹುದಾ?

ಅಮ್ಮತ್ತಿ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಅಮ್ಮತ್ತಿ ಹತ್ತಿರ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಸೋದರಮಾವ ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದರು. ಸಿಂಗಾಪುರ, ಮಲೇಷಿಯಾ, ಹಾಲೆಂಡ್, ಜರ್ಮನಿ ಎಲ್ಲ ಸುತ್ತಿದ್ದವರು. ಮದುವೆ ಆಗಿರಲಿಲ್ಲ. ಹೋದ ವರ್ಷ ತೀರಿಕೊಂಡರು. ಅವರ ಎರಡು ಟ್ರಂಕು ನಮ್ಮ ಅಟ್ಟದ ಮೇಲಿದ್ದವು. ಈ ಸಲ ಕಕ್ಕಡ ತಿಂಗಳ ಮಳೆಗೆ ಹೆಂಚು ಸರಿದು ಅಟ್ಟದಲ್ಲಿ ನೀರು ಬಿತ್ತು. ಟ್ರಂಕು ಕೆಳಗಿಳಿಸಿ ತೆಗೆದಾಗ ಬಟ್ಟೆಯ ಕೆಳಗೆ ಇವು ಸಿಕ್ಕವು.

1. ಒಂದು ಬಟ್ಟಲು. ಅಂಗೈಯಲ್ಲಿ ಕೂರುತ್ತದೆ. ನೀಲಿ ಬಣ್ಣದಲ್ಲಿ ಸುರುಳಿ ಸುರುಳಿ ಚಿತ್ರ. ಒಂದು ಪಕ್ಕ ಹೊಳೆಯುತ್ತದೆ, ಇನ್ನೊಂದು ಪಕ್ಕ ಮಂಕು. ತಳದಲ್ಲಿ ಬಿಳಿ ನೂಲಿನ ಹಾಗೆ ಗಟ್ಟಿ ಗೆರೆಗಳು ಅಂಟಿವೆ. ಒಂದು ಚೀಟಿ ಇದೆ, ಅರ್ಧ ಹುಳ ತಿಂದಿದೆ. ಬಾರ್‌ಕೋಡ್ ಕಾಣುತ್ತದೆ, 'ಟೆಕ್ ಸಿ' ಅಂತ ಓದಬಹುದು.

2. ಒಂದು ದೊಡ್ಡ ತಟ್ಟೆ, ಅಳೆದೆ, 28 ಸೆಂಟಿಮೀಟರ್. ಮಧ್ಯದಿಂದ ಸುತ್ತಲೂ ನೀಲಿ ಗೆರೆಗಳು, ನಕ್ಷತ್ರ ಸಿಡಿದ ಹಾಗೆ. ಚೀಟಿ ಇಲ್ಲ. ತಳದಲ್ಲಿ ದುಂಡಗೆ ಒಂದು ಅಂಟಿನ ಗುರುತು ಮಾತ್ರ ಇದೆ.

3. ಎರಡು ಸಾಸರ್. ಒಂದರ ಮೇಲೊಂದು ಅಂಟಿಕೊಂಡಿವೆ. ಮಧ್ಯದಲ್ಲಿ ಹವಳದ ಥರ ಏನೋ ಬೆಳೆದಿದೆ.

4. ಒಂದು ಸಣ್ಣ ಭರಣಿ. ಮೈ ತುಂಬಾ ಚಿಪ್ಪು. ನೋಡಲು ಇದೇ ಎಲ್ಲಕ್ಕಿಂತ ಚೆಂದ.

ನನ್ನ ಕಸಿನ್ ಹೇಳುತ್ತಾನೆ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಹಾಕಿ ಒಂದು ರಾತ್ರಿ ಇಟ್ಟರೆ ಚಿಪ್ಪೆಲ್ಲ ಬಿಡುತ್ತದೆ, ಆಮೇಲೆ ಹಿತ್ತಾಳೆ ಉಜ್ಜಿದ ಹಾಗೆ ಉಜ್ಜಿದರೆ ಹೊಸದಾಗುತ್ತದೆ, ಆನ್‌ಲೈನಿನಲ್ಲಿ ಹೊರದೇಶದವರಿಗೆ ಮಾರಬಹುದು ಅಂತ. ಸಾಸರುಗಳನ್ನು ಉಳಿಯಲ್ಲಿ ಬಿಡಿಸೋಣ ಅಂತಲೂ ಹೇಳುತ್ತಿದ್ದಾನೆ. ಅಮ್ಮನಿಗೆ ಅದು ಇಷ್ಟವಿಲ್ಲ. ತಮ್ಮನ ವಸ್ತು, ಹಾಗೇ ಇರಲಿ ಅನ್ನುತ್ತಾರೆ. ಇವು ನಿಜವಾ? ಏನು ಮಾಡಬೇಕು? ಫೋಟೋ ಹಾಕಿದ್ದೇನೆ.

ಕುಶಾಲನಗರ_ಕಾವೇರಿ:

ಮೊದಲು ಕಸಿನ್ ಕೈಯಿಂದ ಕಾಚಂಪುಳಿ ಬಾಟಲಿ ತೆಗೆದುಕೊಳ್ಳಿ. ಅದು ಮೀನಿಗೆ, ಹಂದಿಗೆ ಇರಲಿ. ನನಗೆ ಪಿಂಗಾಣಿ ವಿಷಯ ಹೆಚ್ಚು ಗೊತ್ತಿಲ್ಲ, ಆದರೆ ಮಾರುವ ಬಗ್ಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. 100 ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಇಲ್ಲೇ ವ್ಯಾಪಾರ ಮಾಡಬೇಕಾದರೂ ಪರವಾನಗಿ ಬೇಕು. ಕೊರಿಯರ್ ಮಾಡಿಬಿಡೋಣ ಅಂತ ಹೊರಟರೆ ತೊಂದರೆ ಆಗುತ್ತದೆ. ಪೊಲ್ಲಿಬೆಟ್ಟದ ಅಕ್ಕ ಇಲ್ಲಿ ಆಗಾಗ ಬರುತ್ತಾರೆ, ಅವರ ಹತ್ತಿರ ಇಂಥವೇ ಇವೆ. ಅವರು ಹೇಳುವ ತನಕ ಏನೂ ಮುಟ್ಟಬೇಡಿ.

ಪೊಲ್ಲಿಬೆಟ್ಟದ_ಅಕ್ಕ:

ಬಂದೆ. ನಿನ್ನೆ ಕರೆಂಟ್ ಇರಲಿಲ್ಲ, ಈಗ ನೋಡಿದೆ. ನಿಮ್ಮ ಫೋಟೋಗಳನ್ನು ನಾಲ್ಕು ಸಲ ದೊಡ್ಡದು ಮಾಡಿ ನೋಡಿದ್ದೇನೆ. ಎದೆ ಹೊಡೆದುಕೊಳ್ಳುತ್ತಿದೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಇವುಗಳನ್ನು ಯಾವುದರಲ್ಲಿ ಸುತ್ತಿಟ್ಟಿದ್ದರು? ಬಟ್ಟೆಯಾ, ಪೇಪರಾ? ಪೇಪರ್ ಆಗಿದ್ದರೆ ಅದು ಎಲ್ಲಿದೆ? ಎಸೆದಿದ್ದರೆ ಈಗಲೇ ಹೋಗಿ ಹುಡುಕಿ. ಟ್ರಂಕಿನ ತಳ, ಮುಚ್ಚಳದ ಒಳಗೆ ಹಾಸಿದ ಕಾಗದ, ಮಾವನ ಸಿಡಿಸಿ ಪುಸ್ತಕ (ಹಡಗಿನವರ ಕೆಲಸದ ದಾಖಲೆ ಪುಸ್ತಕ), ಹಳೇ ರಸೀದಿ ಎಲ್ಲ ಒಂದು ಕವರಿನಲ್ಲಿ ಹಾಕಿ ಬೇರೆ ಇಡಿ. ಮುಳುಗಿದ ಹಡಗಿನ ಪಿಂಗಾಣಿಯಲ್ಲಿ ಅರ್ಧ ಬೆಲೆ ಮಣ್ಣಿಗೆ, ಅರ್ಧ ಕಾಗದಕ್ಕೆ. ಯಾವ ಹಡಗು, ಯಾರು ಎತ್ತಿದರು, ಯಾವಾಗ ಹರಾಜಾಯಿತು ಅನ್ನುವುದು ಕಳೆದುಹೋದರೆ ಉಳಿಯುವುದು ಒಂದು ಮಂಕು ಬಟ್ಟಲು ಮಾತ್ರ.

ಈಗ ಒಂದೊಂದಾಗಿ.

ಸುರುಳಿ ಚಿತ್ರದ ಬಟ್ಟಲು ನನ್ನ ಕಣ್ಣಿಗೆ ನಿಜವಾಗಿ ಕಾಣುತ್ತದೆ. ನಿಮ್ಮ ಚೀಟಿಯಲ್ಲಿ ಉಳಿದಿರುವ ಅಕ್ಷರ ಟೆಕ್ ಸಿಂಗ್ ಅನ್ನುವ ಹಡಗಿನದು. ಚೀನಾದ ದೊಡ್ಡ ಹಾಯಿ ಹಡಗು ಅದು, ಜಂಕ್ ಅನ್ನುತ್ತಾರೆ. ಶಿಯಾಮೆನ್ ಬಂದರಿನಿಂದ ಜಾವಾದ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ, ಹೊರಟಿತ್ತು. 1822ರ ಫೆಬ್ರವರಿ 6ರಂದು ಈಗಿನ ಇಂಡೋನೇಷ್ಯಾದ ಗ್ಯಾಸ್ಪರ್ ಜಲಸಂಧಿಯಲ್ಲಿ ಬಂಡೆಗೆ ಬಡಿದು ಮುಳುಗಿತು. ಅದರಲ್ಲಿ ಸುಮಾರು 2000 ಜನ ಇದ್ದರು. ಹೆಚ್ಚಿನವರು ಜಾವಾದಲ್ಲಿ ಕೂಲಿ ಕೆಲಸ ಹುಡುಕಿಕೊಂಡು ಹೊರಟ ಬಡವರು. ಆ ದಾರಿಯಲ್ಲಿ ಬಂದ ಇಂಡಿಯಾನಾ ಅನ್ನುವ ಬ್ರಿಟಿಷ್ ಹಡಗು 190ರಷ್ಟು ಜನರನ್ನು ನೀರಿನಿಂದ ಎತ್ತಿ ಉಳಿಸಿತು. ಉಳಿದವರು ಹೋದರು. ಸರಕಿನಲ್ಲಿದ್ದ ಪಿಂಗಾಣಿ ಹೆಚ್ಚಾಗಿ ಚೀನಾದ ಫುಜಿಯಾನ್‌ನ ದೆಹುವಾ ಕಡೆಯ ಗೂಡುಗಳಲ್ಲಿ ಸುಟ್ಟದ್ದು. ರಾಜರಿಗಾಗಿ ಮಾಡಿದ್ದಲ್ಲ, ಅನ್ನ ಉಣ್ಣುವ ಮನೆಬಳಕೆಯ ಬಟ್ಟಲುಗಳು. 1999ರಲ್ಲಿ ಮೈಕೆಲ್ ಹ್ಯಾಚರ್ ಅನ್ನುವವರು ಹಡಗನ್ನು ಪತ್ತೆ ಮಾಡಿದರು. ಸುಮಾರು 3,50,000 ವಸ್ತು ಮೇಲೆ ಬಂದವು. 2000ದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಗೆಲ್ ಅನ್ನುವ ಹರಾಜು ಸಂಸ್ಥೆ ಮಾರಿತು. ನಿಮ್ಮ ಬಾರ್‌ಕೋಡ್ ಚೀಟಿ ಆ ಹರಾಜಿನದು ಇರಬೇಕು. ಇಷ್ಟೊಂದು ಬಂದದ್ದರಿಂದ ಒಂದು ಬಟ್ಟಲಿಗೆ ಲಕ್ಷಗಟ್ಟಲೆ ಸಿಗುತ್ತದೆ ಅಂತ ಕಸಿನ್ ಕನಸು ಕಾಣುವುದು ಬೇಡ.

ತಳದ ಬಿಳಿ ನೂಲು ಕಡಲ ಹುಳದ ಮನೆ. ಸುಣ್ಣದ ಕೊಳವೆ ಕಟ್ಟಿಕೊಂಡು ಅದರೊಳಗೆ ಬದುಕುವ ಹುಳ. ಅದನ್ನು ತೆಗೆಯಬೇಡಿ. ಒಂದು ಪಕ್ಕ ಹೊಳಪು, ಒಂದು ಪಕ್ಕ ಮಂಕು ಇರುವುದಕ್ಕೂ ಕಾರಣವಿದೆ. ಬಟ್ಟಲು ಅರ್ಧ ಕೆಸರಿನಲ್ಲಿ ಹೂತಿತ್ತು ಅಂತ ಇಟ್ಟುಕೊಳ್ಳಿ. ಹೂತ ಪಕ್ಕಕ್ಕೆ ಏನೂ ಆಗುವುದಿಲ್ಲ. ಹೊರಗಿದ್ದ ಪಕ್ಕವನ್ನು ಮರಳು ಮತ್ತು ನೀರು ನೂರಕ್ಕೂ ಹೆಚ್ಚು ವರ್ಷ ಉಜ್ಜಿ ಉಜ್ಜಿ ಮೆರುಗು, ಅಂದರೆ ಮೇಲಿನ ಗಾಜಿನಂಥ ಪದರ, ತೆಗೆದಿರುತ್ತವೆ. ಆಸಿಡ್ ಹಾಕಿ ಹಳೇದು ಮಾಡಿದ ನಕಲಿಯಲ್ಲಿ ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಥರ ಮಂಕು ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಗೊತ್ತಾಗುತ್ತದೆ.

ನೀಲಿ ಯಾಕೆ ಉಳಿಯಿತು ಅಂತಲೂ ಕೇಳುತ್ತಾರೆ. ನೀಲಿಯನ್ನು ಕೋಬಾಲ್ಟ್‌ನಲ್ಲಿ ಹಸಿ ಮೈಯ ಮೇಲೆ ಬರೆದು, ಅದರ ಮೇಲೆ ಮೆರುಗು ಹಾಕಿ ಸುಡುತ್ತಾರೆ. ಗಾಜಿನ ಕೆಳಗೆ ಇಟ್ಟ ಹಾಗೆ. ಕೆಂಪು, ಹಸಿರು, ಚಿನ್ನದ ಬಣ್ಣ ಮೆರುಗಿನ ಮೇಲೆ ಬರುತ್ತವೆ. ಕಡಲು ಮೊದಲು ತಿನ್ನುವುದು ಅವನ್ನೇ. ಕೆಂಪು ಬಣ್ಣ ಹೊಚ್ಚ ಹೊಸದಾಗಿ ಹೊಳೆಯುವ 'ಹಡಗಿನ ಪಿಂಗಾಣಿ' ಯಾರಾದರೂ ತೋರಿಸಿದರೆ ನನಗೆ ಅನುಮಾನ ಬರುತ್ತದೆ.

ಅಂಟಿಕೊಂಡ ಸಾಸರುಗಳನ್ನು ದಯವಿಟ್ಟು ಬಿಡಿಸಬೇಡಿ. ಹಡಗಿನಲ್ಲಿ ಇವುಗಳನ್ನು ಒಂದರೊಳಗೊಂದು ಇಟ್ಟು, ಕಟ್ಟು ಕಟ್ಟಿ ಜೋಡಿಸುತ್ತಿದ್ದರು. ಅದೇ ಜೋಡಣೆಯಲ್ಲಿ ಹವಳ ಬೆಳೆದು ಹಿಡಿದುಕೊಂಡಿದೆ. ಯಾರೋ ಒಬ್ಬ ಕೂಲಿಯವ ಆವತ್ತು ಹೇಗೆ ಇಟ್ಟನೋ ಹಾಗೇ ಇವೆ. ಉಳಿ ಹಾಕಿದರೆ ನಿಮಗೆ ಸಿಗುವುದು ಎರಡು ಒಡೆದ ಸಾಸರ್ ಅಷ್ಟೆ.

ಕಾಚಂಪುಳಿ ವಿಷಯ. ಹವಳ, ಹುಳದ ಕೊಳವೆ ಎಲ್ಲ ಸುಣ್ಣವೇ. ಹುಳಿ ತಾಗಿದರೆ ನೊರೆ ಬಂದು ಕರಗುತ್ತದೆ, ಕಸಿನ್ ಹೇಳಿದ್ದು ಸುಳ್ಳಲ್ಲ. ಆದರೆ ಕರಗಿ ಹೋಗುವುದು ಆ ವಸ್ತುವಿನ ಚರಿತ್ರೆ. ಮೆರುಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಕಾಚಂಪುಳಿಯ ಕಪ್ಪು ಒಳಗೆ ಇಳಿದು ಕೂರುತ್ತದೆ, ಆಮೇಲೆ ಯಾರಿಂದಲೂ ತೆಗೆಯಲು ಆಗುವುದಿಲ್ಲ. ನನ್ನ ಅತ್ತೆ ಮನೆಯಲ್ಲಿ ಒಂದು ಹಳೇ ಭರಣಿ ಹೀಗೇ ಹಾಳಾಗಿದೆ. ನಾನು ಕಣ್ಣಾರೆ ನೋಡಿದ್ದೇನೆ.

ಚಿಪ್ಪಿನ ಭರಣಿ ಬಗ್ಗೆ ನನಗೆ ಬೇಜಾರಿದೆ. ಅದನ್ನು ಮಲ್ಪೆಯವರು ನೋಡಿ ಹೇಳಲಿ, ಚಿಪ್ಪು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಅನುಭವ ಮಾತ್ರ ಹೇಳುತ್ತೇನೆ. 2003ರಲ್ಲಿ ಕೊಚ್ಚಿಗೆ ಹೋದಾಗ ಒಂದು ಅಂಗಡಿಯಲ್ಲಿ ಇಂಥದ್ದೇ ಭರಣಿ ಕೊಂಡೆ. ಆ ವರ್ಷದ ಕರಿಮೆಣಸಿನ ದುಡ್ಡು ಹೆಚ್ಚುಕಡಿಮೆ ಎಲ್ಲ ಅದಕ್ಕೇ ಹೋಯಿತು. ಮನೆಗೆ ತಂದು ಧೂಳು ತೊಳೆಯೋಣ ಅಂತ ಬಿಸಿನೀರಲ್ಲಿ ಇಟ್ಟೆ. ಅರ್ಧ ಗಂಟೆಯಲ್ಲಿ ಚಿಪ್ಪುಗಳು ಒಂದೊಂದಾಗಿ ತಳಕ್ಕೆ ಬಿದ್ದವು. ನೀರಿನ ಮೇಲೆ ಅಂಟಿನ ಪೊರೆ ತೇಲುತ್ತಿತ್ತು. ಆವತ್ತು ಅತ್ತಿದ್ದೇನೆ. ಆಮೇಲೇ ನಾನು ಸರಿಯಾಗಿ ಓದಲು ಶುರು ಮಾಡಿದ್ದು.

ಕೊನೆಗೆ ಆ ನಕ್ಷತ್ರದ ತಟ್ಟೆ. ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಪೇಪರ್ ಹುಡುಕಿ.

ಮಲ್ಪೆ_ಬಂದರು:

ಭರಣಿಯ ಫೋಟೋ ನೋಡಿದೆ. ಮೈಮೇಲೆ ಇರುವುದು ಮರುವಾಯಿ ಚಿಪ್ಪು, ಜೊತೆಗೆ ಎರಡು ಮೂರು ಶಂಖದ ಹುಳು. ಮರುವಾಯಿ ಯಾವುದಕ್ಕೂ ಅಂಟಿಕೊಂಡು ಬದುಕುವುದಿಲ್ಲ. ಮರಳಿನಲ್ಲಿ ಹೂತಿರುತ್ತದೆ, ಹೊಳೆಬಾಯಲ್ಲಿ ನಮ್ಮವರು ಕೈಯಲ್ಲೇ ಆರಿಸುತ್ತಾರೆ. ಶಂಖದ ಹುಳು ನಡೆದಾಡುತ್ತದೆ. ಪಚ್ಚಿಲೆ ಅನ್ನುವ ಚಿಪ್ಪುಜೀವಿ ಬಂಡೆಗೆ ನಾರಿನಿಂದ ಹಿಡಿದುಕೊಳ್ಳುತ್ತದೆ, ಸತ್ತ ಮೇಲೆ ನಾರು ಕೊಳೆತು ಬಿದ್ದುಹೋಗುತ್ತದೆ. ಸಿಮೆಂಟ್ ಹಾಕಿದ ಹಾಗೆ ಕೂತುಕೊಳ್ಳುವುದು ದೋಣಿಯ ತಳಕ್ಕೆ ಹಿಡಿಯುವ ಬಾರ್ನಕಲ್, ಸಿಂಪಿ, ಹವಳ, ಆ ಬಿಳಿ ಕೊಳವೆ ಹುಳ ಇಂಥವು. ಹಾಗಾಗಿ ಈ ಭರಣಿಗೆ ಚಿಪ್ಪು ಅಂಟಿಸಿದ್ದು ಕಡಲಲ್ಲ, ಮನುಷ್ಯ. ಬಟ್ಟಲಿನ ತಳದ್ದು ಮಾತ್ರ ನಿಜವಾದ ಕೊಳವೆ ಹುಳ, ನಮ್ಮ ಬೋಟಿನ ತಳದಲ್ಲಿ ದಿನಾ ಕೆರೆಯುತ್ತೇವೆ.

ಅಕ್ಕ, ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಲ್ಲಿ ಕಡಲಿಗೆ ಹೋಗಿ ವಾಪಸ್ ಬಾರದವರು ತುಂಬಾ ಮಂದಿ ಇದ್ದಾರೆ. ನನ್ನ ದೊಡ್ಡಪ್ಪನೂ ಒಬ್ಬರು. ಹೆಣ ಸಿಗಲಿಲ್ಲ. ಎರಡು ಸಾವಿರ ಜನ ಇದ್ದ ಹಡಗು ಅಂತ ನೀವೇ ಹೇಳಿದಿರಿ. ಅದು ಅವರ ಸಮಾಧಿ ಅಲ್ವಾ? ಅಲ್ಲಿಂದ ಬಟ್ಟಲು ಎತ್ತಿ ಹರಾಜು ಹಾಕಿದ್ದು ಸರಿಯಾ? ಅದನ್ನು ಶೋಕೇಸಿನಲ್ಲಿ ಇಟ್ಟುಕೊಳ್ಳುವುದು?

ಪೊಲ್ಲಿಬೆಟ್ಟದ_ಅಕ್ಕ:

ಬೇಸರ ಯಾಕೆ? ಈ ಪ್ರಶ್ನೆ ಕೇಳದೇ ಇದ್ದರೆ ನನಗೆ ಬೇಸರ ಆಗುತ್ತಿತ್ತು.

ನನ್ನ ಮನಸ್ಸಿನಲ್ಲಿ ಇದು ಪೂರ್ತಿ ತೀರ್ಮಾನ ಆಗಿಲ್ಲ. ಎತ್ತಿದ ರೀತಿ ತಪ್ಪು ಅಂತ ನಾನು ನಂಬುತ್ತೇನೆ. ಗೆಲ್ಡರ್‌ಮಾಲ್ಸೆನ್ ಅನ್ನುವ ಡಚ್ ಹಡಗಿನ ಕಥೆ ನೋಡಿ. ಚೀನಾದ ಕ್ಯಾಂಟನ್‌ನಿಂದ ಹಾಲೆಂಡಿಗೆ ಹೊರಟದ್ದು 1752ರ ಜನವರಿಯಲ್ಲಿ ಮುಳುಗಿತು. 112 ಜನರಲ್ಲಿ ದೋಣಿ ಹತ್ತಿ ಬದುಕಿದವರು 32 ಮಂದಿ. ಅದರ ಮುಖ್ಯ ಸರಕು ಚಹಾ. ಪಿಂಗಾಣಿಗೆ ನೀರು ತಾಗಿದರೂ ಏನೂ ಆಗುವುದಿಲ್ಲ ಅಂತ ಅದನ್ನು ಹಡಗಿನ ಕೆಳಗೆ ಇಡುತ್ತಿದ್ದರು, ಮೇಲೆ ಚಹಾ ಪೆಟ್ಟಿಗೆ. 1985ರಲ್ಲಿ ಹ್ಯಾಚರ್ ಅವರೇ ಪತ್ತೆ ಮಾಡಿದರು. 1,50,000ದಷ್ಟು ಪಿಂಗಾಣಿ, ಜೊತೆಗೆ ಚಿನ್ನದ ಗಟ್ಟಿಗಳು. 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರಿಸ್ಟೀಸ್ ಅನ್ನುವ ಸಂಸ್ಥೆ ಹರಾಜು ಹಾಕಿತು, 'ನಾನ್‌ಕಿಂಗ್ ಕಾರ್ಗೋ' ಅಂತ ಹೆಸರಿಟ್ಟು. ಹಡಗಿನ ಮೈ ಹೇಗಿತ್ತು, ಯಾವ ಮೂಲೆಯಲ್ಲಿ ಏನಿತ್ತು, ಮನುಷ್ಯರು ಎಲ್ಲಿ ಮಲಗುತ್ತಿದ್ದರು ಅಂತ ಯಾರೂ ಸರಿಯಾಗಿ ಅಳೆದು ಬರೆದಿಡಲಿಲ್ಲ. ಮಾರುವ ವಸ್ತು ಬಂತು, ಉಳಿದದ್ದು ಹೋಯಿತು. ಚೀನಾದಿಂದ ಇಬ್ಬರು ತಜ್ಞರು ದುಡ್ಡು ಹಿಡಿದು ಆ ಹರಾಜಿಗೆ ಬಂದಿದ್ದರು. ಬೆಲೆ ಏರಿದ ರಭಸಕ್ಕೆ ಒಂದು ವಸ್ತುವನ್ನೂ ಕೊಳ್ಳಲಾಗದೆ ಬರಿಗೈಯಲ್ಲಿ ವಾಪಸ್ ಹೋದರು. ಅವರ ನಾಡಿನ ಮಣ್ಣು, ಅವರ ಕೈ ಕೆಲಸ. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆಮೇಲೆ 2001ರಲ್ಲಿ ಯುನೆಸ್ಕೋ ನೀರಿನಡಿಯ ಪರಂಪರೆಗಾಗಿ ಒಂದು ಒಪ್ಪಂದ ಮಾಡಿತು. ಮುಳುಗಿದ ಹಡಗನ್ನು ವ್ಯಾಪಾರಕ್ಕಾಗಿ ಬಗೆಯಬಾರದು ಅನ್ನುವುದು ಅದರ ಮುಖ್ಯ ಮಾತು. ಚೀನಾದವರು 2007ರಲ್ಲಿ ನಾನ್‌ಹಾಯ್ ಒಂದು ಅನ್ನುವ ಹಳೇ ಹಡಗನ್ನು ಸುತ್ತಲಿನ ಕೆಸರಿನ ಸಮೇತ ದೊಡ್ಡ ಉಕ್ಕಿನ ಪೆಟ್ಟಿಗೆಯಲ್ಲಿ ಎತ್ತಿ ಮ್ಯೂಸಿಯಮ್ಮಿಗೇ ತಂದರು. ನಿಧಾನವಾಗಿ, ಬರೆದುಕೊಳ್ಳುತ್ತಾ ಬಿಡಿಸಿದರು. ಹೀಗೆ ಮಾಡಬೇಕು. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ ಸಿಕ್ಕ 9ನೇ ಶತಮಾನದ ಅರಬ್ ಹಡಗಿನ ಸರಕನ್ನು ಚೂರು ಚೂರಾಗಿ ಹರಾಜು ಹಾಕದೆ ಸಿಂಗಾಪುರದ ಮ್ಯೂಸಿಯಮ್ಮಿನಲ್ಲಿ ಒಟ್ಟಿಗೆ ಇಟ್ಟಿದ್ದಾರೆ. 50,000ಕ್ಕೂ ಹೆಚ್ಚು ವಸ್ತು. ಮಗನ ಜೊತೆ ಹೋದಾಗ ಆ ಕೋಣೆಯಲ್ಲಿ ಮೂರು ಗಂಟೆ ನಿಂತಿದ್ದೆ. ಸಣ್ಣ ಸಣ್ಣ ಬಟ್ಟಲುಗಳನ್ನು ದೊಡ್ಡ ಹಂಡೆಯೊಳಗೆ ಸುತ್ತಿ ಸುತ್ತಿ ಜೋಡಿಸಿದ್ದಾರೆ. ನಾವು ಪುತ್ತರಿ ಹಬ್ಬಕ್ಕೆ ಮೊದಲು ಪಾತ್ರೆ ಜೋಡಿಸಿದ ಹಾಗೇ ಇದೆ.

ಹಾಗಾದರೆ ನಾನು ಯಾಕೆ ಇಟ್ಟುಕೊಂಡಿದ್ದೇನೆ? ಈಗಾಗಲೇ ಮೇಲೆ ಬಂದು ಜಗತ್ತಿನ ಮನೆಮನೆಗೆ ಹಂಚಿಹೋದದ್ದನ್ನು ನಾನು ವಾಪಸ್ ಕಡಲಿಗೆ ಹಾಕಲು ಆಗುವುದಿಲ್ಲ. ಆದರೆ ಅದರ ಹೆಸರು, ಹಡಗು, ಸತ್ತವರ ಸುದ್ದಿ ಅದರ ಜೊತೆಗೇ ಇರುವ ಹಾಗೆ ನೋಡಿಕೊಳ್ಳಬಹುದು. ಹೊಸದಾಗಿ ಯಾರೋ ಬಗೆದು ತಂದದ್ದನ್ನು ನಾನು ಕೊಳ್ಳುವುದಿಲ್ಲ. ಹಳೇ ಹರಾಜಿನ ಕಾಗದ ಇಲ್ಲದಿದ್ದರೂ ಕೊಳ್ಳುವುದಿಲ್ಲ. ನನ್ನ ಹತ್ತಿರ ಒಟ್ಟು ಇರುವುದು ಒಂಬತ್ತು ವಸ್ತು. ಟೆಕ್ ಸಿಂಗ್‌ನ ಬಟ್ಟಲೂ ಒಂದಿದೆ. ನಮ್ಮಲ್ಲಿ ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವ ಪದ್ಧತಿ ಇದೆಯಲ್ಲ. ಪ್ರತಿ ವರ್ಷ ಫೆಬ್ರವರಿ 6ಕ್ಕೆ ಆ ಬಟ್ಟಲಲ್ಲಿ ಒಂದು ಹಿಡಿ ಅನ್ನ ಹಾಕಿ ದೀಪದ ಮುಂದೆ ಇಡುತ್ತೇನೆ. ಮನೆಯಲ್ಲಿ ಮೊದಲು ಯಾರೂ ಒಪ್ಪಲಿಲ್ಲ. ಈಗ ಸೊಸೆಯೇ ನೆನಪು ಮಾಡುತ್ತಾಳೆ. ನಿಮ್ಮ ದೊಡ್ಡಪ್ಪನ ಊರು, ದಿನ ಹೇಳಿದರೆ ಅವರಿಗೂ ಇಡುತ್ತೇನೆ.

ಮಲ್ಪೆ_ಬಂದರು:

ಅಕ್ಕ, ಇಷ್ಟು ಸಾಕು ನನಗೆ. ದಿನ ಮೆಸೇಜಿನಲ್ಲಿ ಕಳಿಸುತ್ತೇನೆ.

ಇನ್ನೊಂದು, ಚೀನಾ ಪಿಂಗಾಣಿ ನಮ್ಮ ಕರಾವಳಿಗೆ ಹೊಸದಲ್ಲ. 2014ರಲ್ಲಿ ಕೊಲ್ಲಂ ಬಂದರಿನಲ್ಲಿ ಹೂಳೆತ್ತುವಾಗ ಚೀನಾದ ನಾಣ್ಯ, ಪಿಂಗಾಣಿ ಚೂರು ಮೂಟೆಗಟ್ಟಲೆ ಬಂದವು. ಹಂಪಿಯಲ್ಲಿ ಅಗೆದಾಗಲೂ ಸಿಕ್ಕಿವೆ ಅಂತ ಓದಿದ್ದೇನೆ.

ಅಮ್ಮತ್ತಿ_ಹುಡುಗ:

ಶನಿವಾರ ಊರಿಗೆ ಬಂದೆ. ಅಕ್ಕ ಹೇಳಿದ ಹಾಗೇ ಹುಡುಕಿದೆ.

ಸುತ್ತಿದ್ದ ಪೇಪರನ್ನು ಅಮ್ಮ ಬಚ್ಚಲ ಒಲೆ ಹತ್ತಿಸಲು ಅಂತ ಸೌದೆ ಮೂಲೆಯಲ್ಲಿ ಇಟ್ಟಿದ್ದರು. ಮೂರು ನಾಲ್ಕು ಹಾಳೆ ಈಗಾಗಲೇ ಉರಿದುಹೋಗಿದೆ. ಉಳಿದದ್ದನ್ನು ಬಿಡಿಸಿ ಹಾಸಿದೆ. ಮಲೇಷಿಯಾದ ಪೇಪರ್, ತಾರೀಖಿನಲ್ಲಿ 1996 ಅಂತ ಇದೆ. ಅದರ ಒಂದು ಹಾಳೆಯ ಮೇಲೆ ಒಂದು ದುಂಡು ಚೀಟಿ ಅಂಟಿಕೊಂಡಿತ್ತು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ತಟ್ಟೆಯ ತಳದ ಅಂಟಿನ ಗುರುತಿನ ಮೇಲೆ ಹಿಡಿದೆ, ಸರಿಯಾಗಿ ಕೂತಿತು. ಅದರ ಮೇಲೆ ಕ್ರಿಸ್ಟೀಸ್ ಹೆಸರು, ಒಂದು ನಂಬರ್, ಮತ್ತೆ 'ಡಯಾನಾ ಕಾರ್ಗೋ' ಅಂತ ಇದೆ.

ಮಾವನ ಸಿಡಿಸಿ ಪುಸ್ತಕವೂ ಸಿಕ್ಕಿತು. ಅವರು 1996ರಲ್ಲಿ ಹಡಗು ಇಳಿದ ಒಂದು ಬಂದರು ಪೋರ್ಟ್ ಕ್ಲಾಂಗ್. ಅದು ಮಲೇಷಿಯಾದ್ದೇ ಅಲ್ವಾ?

ಭರಣಿಯನ್ನು ಬಿಸಿನೀರಲ್ಲಿ ಇಟ್ಟೆ. ಅಕ್ಕ ಬರೆದ ಹಾಗೇ ಆಯಿತು. ಹನ್ನೊಂದು ಚಿಪ್ಪು ಬಿದ್ದವು. ಮಾವ ಯಾರನ್ನೋ ನಂಬಿ ಮೋಸ ಹೋದರು ಅಂತ ಅಮ್ಮ ಬೇಸರ ಮಾಡಿಕೊಂಡರು. ಕಸಿನ್ ಈಗ ಸುಮ್ನೆ ಇದ್ದಾನೆ. ಸಾಸರುಗಳನ್ನು ಹಾಗೇ ಹತ್ತಿಯ ಮೇಲೆ ಇಟ್ಟಿದ್ದೇವೆ.

ಒಂದು ಸಮಸ್ಯೆ. ದೊಡ್ಡ ತಟ್ಟೆಯ ಬುಡದ ಉಂಗುರದ ಸುತ್ತ ಬಿಳಿ ಪುಡಿ ಕಾಣುತ್ತಿದೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಬೂಷ್ಟಾ?

ಪೊಲ್ಲಿಬೆಟ್ಟದ_ಅಕ್ಕ:

ಡಯಾನಾ. ನಾನು ಅಂದುಕೊಂಡದ್ದೇ. ಫೋಟೋದಲ್ಲಿ ಆ ನಕ್ಷತ್ರ ನೋಡಿದಾಗಲೇ ಕೈ ನಡುಗಿತ್ತು. ಕಾಗದ ಇಲ್ಲದೆ ಹೆಸರು ಹೇಳಬಾರದು ಅಂತ ಬಾಯಿ ಕಟ್ಟಿಕೊಂಡಿದ್ದೆ.

ಕೇಳಿ. ಡಯಾನಾ ಯುರೋಪಿಗೆ ಹೊರಟ ಹಡಗಲ್ಲ. ಕಲ್ಕತ್ತದ ಕಡೆಯಿಂದ ಚೀನಾಕ್ಕೆ ವ್ಯಾಪಾರ ಮಾಡುತ್ತಿದ್ದ ಹಡಗು. ಕ್ಯಾಂಟನ್‌ನಲ್ಲಿ ಸರಕು ತುಂಬಿಕೊಂಡು ಮದ್ರಾಸಿಗೆ ಹೊರಟಿತ್ತು. ರೇಷ್ಮೆ, ಕರ್ಪೂರ, ಸಕ್ಕರೆ, ಮತ್ತೆ ಪಿಂಗಾಣಿ. 1817ರ ಮಾರ್ಚ್‌ನಲ್ಲಿ ಮಲಕ್ಕಾ ಜಲಸಂಧಿಯಲ್ಲಿ ಬಂಡೆಗೆ ತಗುಲಿ ಮುಳುಗಿತು. ಡೋರಿಯನ್ ಬಾಲ್ ಅನ್ನುವವರು ಹಳೇ ದಾಖಲೆ ಓದಿ ಓದಿ, ವರ್ಷಗಟ್ಟಲೆ ಹುಡುಕಿ 1993ರಲ್ಲಿ ಪತ್ತೆ ಮಾಡಿದರು. ಸುಮಾರು 24,000 ವಸ್ತು ಸಿಕ್ಕವು. 1995ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಯಿತು. ಆಮೇಲೆ ಯಾರ ಕೈಯಿಂದಲೋ ನಿಮ್ಮ ಮಾವನಿಗೆ ಸಿಕ್ಕಿರಬೇಕು. ಹೌದು, ಪೋರ್ಟ್ ಕ್ಲಾಂಗ್ ಮಲೇಷಿಯಾದ್ದೇ. ನಿಮ್ಮ ಪೇಪರಿನ ತಾರೀಖು ಹರಾಜಿನ ಮರುವರ್ಷದ್ದು, ಸಿಡಿಸಿಯ ವರ್ಷವೂ ಅದೇ. ಮೂರೂ ಒಂದಕ್ಕೊಂದು ಹೊಂದುತ್ತವೆ. ಇಷ್ಟು ಗಟ್ಟಿ ದಾಖಲೆ ಎಷ್ಟೋ ದೊಡ್ಡ ಸಂಗ್ರಹಗಾರರ ಹತ್ತಿರವೂ ಇರುವುದಿಲ್ಲ.

ನನಗೆ ಈ ಹಡಗಿನ ಮೇಲೆ ಜಾಸ್ತಿ ಪ್ರೀತಿ ಯಾಕೆ ಅಂದರೆ, ಈ ತಟ್ಟೆಗಳು ನಮ್ಮ ಕಡೆಗೇ ಬರಬೇಕಾಗಿದ್ದವು. ಮದ್ರಾಸಿನ ಗೋದಾಮಿನಲ್ಲಿ ಇಳಿದು, ಗಾಡಿ ಹತ್ತಿ, ಯಾರ ಯಾರ ಮನೆಗೋ ಹೋಗಬೇಕಾಗಿದ್ದವು. ಆಗ ಮಡಿಕೇರಿಯಲ್ಲಿ ಇನ್ನೂ ಹಾಲೇರಿ ಅರಸರ ಆಳ್ವಿಕೆ ಇತ್ತು, ಕಂಪನಿಯವರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಹಡಗು ದಡ ಸೇರಿದ್ದರೆ ಈ ತಟ್ಟೆ ಎಂದೋ ಒಡೆದು ಹಿತ್ತಲಿಗೆ ಬಿದ್ದಿರುತ್ತಿತ್ತು. ಮುಳುಗಿದ್ದರಿಂದ ಉಳಿಯಿತು. 179 ವರ್ಷ ತಡವಾಗಿ ನಿಮ್ಮ ಮಾವ ಅದನ್ನು ಟ್ರಂಕಿನಲ್ಲಿ ಹಾಕಿಕೊಂಡು ಬಂದರು. ಸೇರಬೇಕಾಗಿದ್ದ ದೇಶಕ್ಕೇ ಬಂದು ಸೇರಿತು. ಅಮ್ಮನಿಗೆ ಇದನ್ನು ಹೇಳಿ. ಭರಣಿಯ ಮೋಸ ದೊಡ್ಡದಲ್ಲ. ನಿಮ್ಮ ಮಾವನಿಗೆ ಕಣ್ಣು ಇತ್ತು.

ಈಗ ಬಿಳಿ ಪುಡಿ. ಅದು ಬೂಷ್ಟಲ್ಲ, ಉಪ್ಪು. ಚೆನ್ನಾಗಿ ಸುಟ್ಟ ಪಿಂಗಾಣಿಯ ಒಳಗೆ ನೀರು ಹೆಚ್ಚು ಇಳಿಯುವುದಿಲ್ಲ. ಆದರೆ ಬುಡದ ಉಂಗುರಕ್ಕೆ ಮೆರುಗು ಇರುವುದಿಲ್ಲ, ಅಲ್ಲಿಂದ ಉಪ್ಪುನೀರು ಸೇರಿಕೊಳ್ಳುತ್ತದೆ. ಸಣ್ಣ ಬಿರುಕು ಇದ್ದರೆ ಅಲ್ಲಿಂದಲೂ. ಹರಾಜಿಗೆ ಮೊದಲು ಸಾಮಾನ್ಯವಾಗಿ ಉಪ್ಪು ತೆಗೆದಿರುತ್ತಾರೆ, ನಿಮ್ಮದರಲ್ಲಿ ಸ್ವಲ್ಪ ಉಳಿದಿದೆ. ನಮ್ಮ ಊರಿನ ತೇವಕ್ಕೆ ಅದು ಕರಗುತ್ತದೆ, ಬೇಸಿಗೆಗೆ ಒಣಗಿ ಹರಳಾಗುತ್ತದೆ. ಹರಳಾಗುವಾಗ ಉಬ್ಬುತ್ತದೆ, ಮೆರುಗನ್ನು ಒಳಗಿನಿಂದ ತಳ್ಳುತ್ತದೆ. ವರ್ಷ ವರ್ಷ ಹೀಗಾದರೆ ಮೆರುಗು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಮಾವ ಟ್ರಂಕಿನಲ್ಲಿ ಇಟ್ಟಾಗ ಎಲ್ಲ ಒಂದೇ ಹದದಲ್ಲಿತ್ತು. ಈಗ ಹೊರಗೆ ತೆಗೆದದ್ದರಿಂದ ಕಾಣಿಸಿಕೊಂಡಿದೆ.

ಮದ್ದು ನಮ್ಮ ಅಂಗಳದಲ್ಲೇ ಇದೆ. ಮಳೆನೀರು. ಕೊಡಗಿನ ಮಳೆಯಷ್ಟು ಉಪ್ಪಿಲ್ಲದ ನೀರು ಎಲ್ಲಿ ಸಿಗುತ್ತದೆ? ಹೆಂಚಿನಿಂದ ಇಳಿದದ್ದು ಬೇಡ, ಪಾಚಿ ಇರುತ್ತದೆ. ಅಂಗಳದ ಮಧ್ಯೆ ಪ್ಲಾಸ್ಟಿಕ್ ಟಬ್ ಇಟ್ಟು ನೇರ ಆಕಾಶದ ನೀರು ಹಿಡಿಯಿರಿ. ಲೋಹದ ಪಾತ್ರೆ ಬೇಡ, ತುಕ್ಕು ಹಿಡಿದರೆ ಕಲೆ ಇಳಿಯುತ್ತದೆ. ಟಬ್ಬಿನ ತಳಕ್ಕೆ ಮಡಚಿದ ಟವೆಲ್ ಹಾಕಿ, ಅದರ ಮೇಲೆ ತಟ್ಟೆ ಇಡಿ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ಅಂಕಿಯಲ್ಲಿ ತೋರಿಸುವ ಟಿಡಿಎಸ್ ಮೀಟರ್ ಸಿಗುತ್ತದೆ, ಪೆನ್ನಿನ ಹಾಗೆ ಇರುತ್ತದೆ, ಒಂದು ತೆಗೆದುಕೊಳ್ಳಿ. ತಟ್ಟೆ ಇಡುವ ಮೊದಲು ನೀರಿನ ಅಂಕಿ ಬರೆದುಕೊಳ್ಳಿ. ಮೂರು ದಿನ ಬಿಟ್ಟು ಮತ್ತೆ ನೋಡಿ. ಏರಿದ್ದರೆ ಉಪ್ಪು ಹೊರಗೆ ಬರುತ್ತಿದೆ ಅಂತ ಅರ್ಥ. ನೀರು ಬದಲಾಯಿಸಿ. ಹೀಗೇ ಮಾಡುತ್ತಾ ಹೋಗಿ. ವಾರ ಇಟ್ಟರೂ ಅಂಕಿ ಅಲುಗದೇ ಇದ್ದಾಗ ನಿಲ್ಲಿಸಿ. ನನ್ನ ಒಂದು ತಟ್ಟೆಗೆ ಐದು ವಾರ ಹಿಡಿಯಿತು. ಬೇಸರ ಮಾಡಿಕೊಂಡು ಬಿಸಿನೀರು ಹಾಕಬೇಡಿ. ತೆಗೆದ ಮೇಲೆ ಬಿಸಿಲಿಗೂ ಇಡಬೇಡಿ, ನೆರಳಲ್ಲಿ ನಿಧಾನ ಒಣಗಲಿ.

ಟೆಕ್ ಸಿಂಗ್ ಬಟ್ಟಲನ್ನು ಮಾತ್ರ ನೀರಿಗೆ ಹಾಕಲೇಬೇಡಿ, ಚೀಟಿ ಹೋಗುತ್ತದೆ. ಮೆತ್ತಗಿನ ಬ್ರಷ್‌ನಲ್ಲಿ ಧೂಳು ಹೊಡೆದರೆ ಸಾಕು. ತಟ್ಟೆಯ ದುಂಡು ಚೀಟಿಯನ್ನು ಮತ್ತೆ ಅಂಟಿಸಬೇಡಿ. ಅದು ಕೂತಿರುವ ಪೇಪರಿನ ಸಮೇತ ಒಂದು ಕವರಿನಲ್ಲಿ ಹಾಕಿ, ಸಿಡಿಸಿ ಪುಟದ ಜೆರಾಕ್ಸ್ ಜೊತೆ ಇಡಿ. ಬೆಳ್ಳಿ ಹುಳ ಬಾರದ ಹಾಗೆ ಡಬ್ಬಿಯಲ್ಲಿ ಭದ್ರ ಮಾಡಿ. ಮಾವನ ಹೆಸರು, ಎಲ್ಲಿ ಯಾವಾಗ ಸಿಕ್ಕಿತು ಅಂತ ಅಮ್ಮನ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ. ತಮ್ಮನ ವಸ್ತುವಿನ ಜೊತೆ ಅಕ್ಕನ ಕೈಬರಹ ಇರಲಿ. ಭರಣಿಯನ್ನೂ ಎಸೆಯಬೇಡಿ. ಮಾವ ತಂದದ್ದು. ಉಪ್ಪಿನಕಾಯಿ ಹಾಕಬೇಡಿ ಅಷ್ಟೆ, ಅದಕ್ಕೆ ಎಂಥ ಬಣ್ಣ ಹಾಕಿದ್ದಾರೋ ಗೊತ್ತಿಲ್ಲ.

ಅಮ್ಮತ್ತಿ_ಹುಡುಗ:

ಟಬ್ ಇಟ್ಟೆ ಅಕ್ಕ. ರಾತ್ರಿ ಒಂದೇ ಮಳೆಗೆ ತುಂಬಿತು. ಮೀಟರ್ ವಿರಾಜಪೇಟೆಯಲ್ಲಿ ಸಿಕ್ಕಿತು. ಮಳೆನೀರು 9 ತೋರಿಸಿತು. ತಟ್ಟೆ ಇಟ್ಟು ಮೂರು ದಿನ ಆದ ಮೇಲೆ ಅಮ್ಮ ಫೋನಿನಲ್ಲಿ ಓದಿದರು, 64. ನೀರು ಬದಲಾಯಿಸಿದ್ದಾರೆ. ಈಗ ಕಾಫಿ ಕುಡಿಯುವ ಮೊದಲು ಅವರೇ ಹೋಗಿ ನೋಡಿ ಬರುತ್ತಾರೆ. ಮಾರುವ ಮಾತು ಮನೆಯಲ್ಲಿ ಇನ್ನಿಲ್ಲ.

ನೀವು 'ನನ್ನ ಒಂದು ತಟ್ಟೆ' ಅಂತ ಬರೆದಿದ್ದಿರಲ್ಲ, ಐದು ವಾರ ಹಿಡಿದದ್ದು. ಅದು ಯಾವ ಹಡಗಿನದು?

ಪೊಲ್ಲಿಬೆಟ್ಟದ_ಅಕ್ಕ:

ಡಯಾನಾದ್ದೇ. 2009ರಲ್ಲಿ ಹಾಲೆಂಡಿನಲ್ಲಿರುವ ತಂಗಿ ಅಲ್ಲಿನ ಒಂದು ಸಣ್ಣ ಹರಾಜಿನಲ್ಲಿ ಹಿಡಿದು, ಕಾಗದ ಸಮೇತ ಕೈಯಲ್ಲೇ ತಂದಳು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ತೋರಿಸಿ ಸುಂಕ ಕಟ್ಟಿದ್ದೇವೆ. ಅದೇ ನಕ್ಷತ್ರ, ಅದೇ ಅಳತೆ. ಒಂದು ಅಂಚಿನಲ್ಲಿ ಬರೆದವನ ಕುಂಚ ಸ್ವಲ್ಪ ಜಾರಿದೆ, ಒಂದು ಗೆರೆ ದಪ್ಪಗಾಗಿದೆ. ನಿಮ್ಮ ಮೂರನೇ ಫೋಟೋದಲ್ಲಿ ಮೇಲಿನ ಎಡ ಭಾಗದಲ್ಲೂ ಹಾಗೇ ಒಂದು ದಪ್ಪ ಗೆರೆ ಇದೆ, ನೋಡಿದ್ದೀರಾ? ಒಬ್ಬನೇ ಬರೆದದ್ದೋ ಏನೋ ಅಂತ ಎರಡು ದಿನದಿಂದ ಅದೇ ಯೋಚನೆ.

ಪುತ್ತರಿಗೆ ಊರಿಗೆ ಬರುತ್ತೀರಲ್ಲ. ಅಷ್ಟರಲ್ಲಿ ಉಪ್ಪು ಇಳಿದು ಒಣಗಿರುತ್ತದೆ. ಅಮ್ಮನನ್ನೂ ಕರೆದುಕೊಂಡು ಬನ್ನಿ, ತಟ್ಟೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಲಿ, ಜೀಪಿನ ಹಿಂದೆ ಹಾಕಬೇಡಿ. ಎರಡನ್ನೂ ಕಿಟಕಿ ಹತ್ತಿರ ಪಕ್ಕ ಪಕ್ಕ ಇಟ್ಟು ಆ ಗೆರೆ ನೋಡೋಣ.